ಕೀಪ್ಯಾಡ್ ಫೋನಿಗೆ ಎಐ ಬಟನ್ ಬೇಕಾ, ಬೇಡವಾ?

ಎಡದಂಡೆ_ಗಂಗಾವತಿ (ಪ್ರಶ್ನೆ)

ಗಂಗಾವತಿ ಕಡೆಯ ಒಂದು ಸಹಕಾರ ಸಂಘ ಸದಸ್ಯರಿಗೆ ಒಟ್ಟಾಗಿ 4ಜಿ ಕೀಪ್ಯಾಡ್ ಫೋನು ಕೊಡಿಸಬೇಕೆಂದಿದೆ. ಬೇಡಿಕೆ ಇಷ್ಟೇ: ಕರೆ, ಎಸ್ಸೆಮ್ಮೆಸ್, ಯುಪಿಐ, ಟಾರ್ಚು, ಎಫ್‌ಎಂ. ವಿಡಿಯೊ ಬೇಡ, ಹೊತ್ತು ತಿನ್ನೋ ಯಾವುದೂ ಬೇಡ ಅಂತ ಸದಸ್ಯರೇ ಹೇಳಿದ್ದಾರೆ. ಡೀಲರ್ ಎರಡು ಮಾದರಿ ಮುಂದಿಟ್ಟಿದ್ದಾನೆ. ಒಂದು ಬರೀ ಫೋನು. ಇನ್ನೊಂದರ ನಡುಮಧ್ಯೆ ಎಐ ಬಟನ್ ಇದೆ. ಒತ್ತಿ ಹಿಡಿದು ಕನ್ನಡದಲ್ಲಿ ಕೇಳಿದರೆ ಉತ್ತರ ಕೊಡುತ್ತದೆ, ಹೇಳಿದ್ದನ್ನು ಮೆಸೇಜ್ ಮಾಡುತ್ತದೆ, ಭತ್ತದ ಧಾರಣೆಯನ್ನೂ ಹೇಳುತ್ತದೆ ಅನ್ನುತ್ತಾನೆ. ಬೆಲೆಯಲ್ಲಿ ದೊಡ್ಡ ಫರಕಿಲ್ಲ.

ಕಡಿಮೆ ಇರಲಿ ಅಂತಲೇ ಕೊಳ್ಳುವ ಫೋನಿಗೆ ಇದು ಬೇಕೇ? 64 ಎಂಬಿ ರ‍್ಯಾಮ್ ಇರುವ ಯಂತ್ರದಲ್ಲಿ ಎಐ ಓಡುವುದಾದರೂ ಹೇಗೆ? ಓದು ಬರಹ ಕಷ್ಟವಿರುವ ಸದಸ್ಯರೂ ಇದ್ದಾರೆ, ಅವರನ್ನು ಲೆಕ್ಕಕ್ಕೆ ಹಿಡಿದು ಹೇಳಿ.

ಫರ್ಮ್‌ವೇರ್_ರಾಯಚೂರು

ಹೇಗೆ ಓಡುತ್ತದೆ ಅನ್ನೋದನ್ನು ಮೊದಲು ನೋಡೋಣ, ಉಳಿದ ಉತ್ತರ ಅದರಲ್ಲೇ ಇದೆ. 64 ಎಂಬಿಯಲ್ಲಿ ಅದು ಓಡುವುದೇ ಇಲ್ಲ.

2024ರ ನೋಕಿಯಾ 3210 ತಗೊಳ್ಳಿ. ಯುನಿಸಾಕ್ ಟಿ107 ಚಿಪ್, 64 ಎಂಬಿ ರ‍್ಯಾಮ್, 128 ಎಂಬಿ ಸ್ಟೋರೇಜ್, 1,450 ಎಂಎಎಚ್ ಬ್ಯಾಟರಿ. ಮಾತನ್ನು ಅಕ್ಷರ ಮಾಡುವ ವಿಸ್ಪರ್ ಮಾಡೆಲ್‌ಗಳಲ್ಲಿ ಅತಿ ಚಿಕ್ಕದಾದ 'ಟೈನಿ' ಫೈಲೇ ಸುಮಾರು 75 ಎಂಬಿ. ಫೋನಿನ ಇಡೀ ರ‍್ಯಾಮಿಗಿಂತ ದೊಡ್ಡದು. ಓಡುವಾಗ ಅದಕ್ಕೆ ಇನ್ನೂ ಹೆಚ್ಚು ಜಾಗ ಬೇಕು. ಮೇಲಾಗಿ ಟೈನಿಯ ಕನ್ನಡ ಬಳಸುವ ಮಟ್ಟದಲ್ಲಿಲ್ಲ. ಪ್ರಶ್ನೆಗೆ ಉತ್ತರಿಸುವ ಭಾಷಾ ಮಾಡೆಲ್ ಬೇಕೆಂದರೆ, ನೂರು ಕೋಟಿ ಪ್ಯಾರಾಮೀಟರಿನ (ಮಾಡೆಲ್ ಕಲಿತದ್ದನ್ನು ಹಿಡಿದಿಡುವ ಸಂಖ್ಯೆಗಳು) ಚಿಕ್ಕದನ್ನು, ಪ್ರತಿ ಸಂಖ್ಯೆಯನ್ನೂ 4 ಬಿಟ್ಟಿಗೆ ಕುಗ್ಗಿಸಿದರೂ ಅರ್ಧ ಜಿಬಿ ದಾಟುತ್ತದೆ.

ಹಾಗಾಗಿ ಆ ಬಟನ್ ಮಾಡುವ ಕೆಲಸ ಒಂದೇ: ಮೈಕಿನ ಧ್ವನಿಯನ್ನು ಕಂಪನಿಯ ಸರ್ವರಿಗೆ ಕಳಿಸಿ, ಬಂದ ಉತ್ತರವನ್ನು ಸ್ಪೀಕರಿಗೆ ಹಾಕುವುದು. ಡೇಟಾ ಹೆಚ್ಚೇನೂ ಹೋಗುವುದಿಲ್ಲ. ಧ್ವನಿಯನ್ನು ಕುಗ್ಗಿಸುವ ಓಪಸ್ ಕೊಡೆಕ್‌ನಲ್ಲಿ 16 ಕೆಬಿಪಿಎಸ್ (ಸೆಕೆಂಡಿಗೆ 16 ಕಿಲೋಬಿಟ್) ಅಂದರೆ ಸೆಕೆಂಡಿಗೆ 2 ಕಿಲೋಬೈಟ್ (ಕೆಬಿ), ಹತ್ತು ಸೆಕೆಂಡಿನ ಪ್ರಶ್ನೆಗೆ 20 ಕೆಬಿ. ಕುಗ್ಗಿಸದೆ ಕಳಿಸುವ ಅಗ್ಗದ ಫರ್ಮ್‌ವೇರ್ (ಫೋನಿನೊಳಗಿನ ಮೂಲ ತಂತ್ರಾಂಶ) ಆದರೆ ಅದೇ ಪ್ರಶ್ನೆಗೆ 320 ಕೆಬಿ. ಕಾಲುವೆ ಕೊನೆಯ ಊರುಗಳಲ್ಲಿ ಸಿಗ್ನಲ್ ಒಂದು ಗೆರೆಗೆ ಇಳಿದಾಗ ಈ ವ್ಯತ್ಯಾಸ ಕಾಣುತ್ತದೆ: ಮೊದಲನೆಯದು ಹೋಗುತ್ತದೆ, ಎರಡನೆಯದು ಸುತ್ತುತ್ತಲೇ ಇರುತ್ತದೆ.

ನನ್ನ ಆಕ್ಷೇಪ ಡೇಟಾ ಮೇಲಲ್ಲ, ಆಯಸ್ಸಿನ ಮೇಲೆ. ಕೀಪ್ಯಾಡ್ ಫೋನು ಬ್ಯಾಟರಿ ಬದಲಿಸಿಕೊಂಡು ಆರೇಳು ವರ್ಷ ನಡೆಯುತ್ತದೆ. ಸರ್ವರ್ ಅಷ್ಟು ದಿನ ನಡೆಯುತ್ತದಾ? 2024ರ ಏಪ್ರಿಲ್‌ನಲ್ಲಿ 699 ಡಾಲರಿಗೆ ಬಂದ, ಬಟ್ಟೆಗೆ ಸಿಕ್ಕಿಸಿಕೊಳ್ಳುವ ಹ್ಯೂಮೇನ್ ಎಐ ಪಿನ್ನಿನ ಸರ್ವರನ್ನು 2025ರ ಫೆಬ್ರವರಿ 28ಕ್ಕೆ ಮುಚ್ಚಿದರು. ಅಂದಿನಿಂದ ಅದರಲ್ಲಿ ಕರೆಯೂ ಇಲ್ಲ, ಉತ್ತರವೂ ಇಲ್ಲ. ಜಿಯೊಫೋನಿನಲ್ಲಿರುವ ಕೈಒಎಸ್ ಎಂಬ ಕಾರ್ಯಾಚರಣಾ ತಂತ್ರಾಂಶಕ್ಕೆ ವಾಟ್ಸ್‌ಆ್ಯಪ್ ಬೆಂಬಲವೂ ಹೀಗೇ ನಿಂತಿತು. ಆದ್ದರಿಂದ ಡೀಲರಿಗೆ ಕೇಳಬೇಕಾದ್ದು ಇಷ್ಟು: ಸರ್ವರ್ ನಡೆಸುವವರು ಯಾರು, ಎಷ್ಟು ವರ್ಷಕ್ಕೆ ಬರೆದುಕೊಡುತ್ತಾರೆ, ಉಚಿತ ಅವಧಿ ಮುಗಿದ ಮೇಲೆ ತಿಂಗಳಿಗೆ ಎಷ್ಟು, ಧ್ವನಿಯನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ. ಇನ್ನೊಂದು, ಆ ಬಟನ್ನಿಗೆ ಬೇರೆ ಕೆಲಸ ಹಚ್ಚಲು ಬರುತ್ತದೆಯೇ? ಬರದಿದ್ದರೆ ಮುಂದೊಂದು ದಿನ ಫೋನಿನ ನಟ್ಟನಡುವೆ ಸತ್ತ ಗುಂಡಿ ಉಳಿಯುತ್ತದೆ.

ಕೀಲಿಮಣೆ_ಕೊಪ್ಪಳ

ಬ್ಯಾಡ ಅಂತ ಒಂದ ಮಾತಿನ್ಯಾಗ ಹೇಳೋದು ಸರಿಯಲ್ರಿ. ಓದು ಬರಹ ಕಷ್ಟ ಇರೋರು ಅದಾರ ಅಂತ ಪ್ರಶ್ನಾದಾಗ ಬರದಾರ, ಅವ್ರ ಕಡಿಂದ ನೋಡ್ರಿ.

ಭಾರತದಾಗ ಮಾರೋ ಪ್ರತಿ ಫೋನಿಗೂ ಐಎಸ್ 16333 ಭಾಗ 3 ಅನ್ನೋ ಮಾನದಂಡ ಕಡ್ಡಾಯ ಐತಿ. 22 ಭಾಷಾದ ಮೆಸೇಜ್ ಓದಾಕ ಬರಬೇಕು, ಟೈಪ್ ಮಾಡಾಕ ಇಂಗ್ಲಿಷ್, ಹಿಂದಿ ಮತ್ತ ಇನ್ನೊಂದು ಭಾರತೀಯ ಭಾಷಾ ಇದ್ರ ಸಾಕು. ಆ 'ಇನ್ನೊಂದು' ಕನ್ನಡನs ಆಗಿರಬೇಕು ಅಂತೇನಿಲ್ಲ. ಹಂಗಾಗಿ ಡಬ್ಬಿ ಮ್ಯಾಲೆ 'ಕನ್ನಡ' ಅಂತ ಬರದಿತ್ತಂದ್ರ ಅದು ಬರೇ ಓದಾಕೋ, ಬರಿಯಾಕೂನೋ ಅಂತ ಅಂಗಡ್ಯಾಗ ಒತ್ತಿ ನೋಡ್ರಿ.

ಬರಿಯಾಕ ಬಂದ್ರೂ ಸುಲಭ ಇಲ್ಲ. 'ಲಕ್ಷ್ಮಣ' ಅನ್ನಾಕ ಲ, ಕ, ಒತ್ತಿನ ಗುರುತು, ಷ, ಮತ್ತ ಒತ್ತಿನ ಗುರುತು, ಮ, ಣ, ಹಿಂಗ ಏಳು ಸಂಕೇತ ಬೇಕು. ಒಂದು ಕೀಲಿಗೆ ಒಂದು ವರ್ಗದ ಐದಕ್ಷರ ಕೂಡ್ರಿಸಿದ ಫೋನಿನ್ಯಾಗ ಬರೇ ಆ ಣಕ್ಕ ಐದು ಸಲ ಒತ್ತಬೇಕು. ಅದಕ್ಕs ಮಂದಿ ಮೆಸೇಜ್ ಬಿಟ್ಟು ಮಿಸ್ಡ್ ಕಾಲ್ ಕೊಡ್ತಾರ. ಮಾತಾಡಿದ್ದು ಅಕ್ಷರ ಆಗೋದು, ಬಂದ ಮೆಸೇಜ್ ಓದಿ ಹೇಳೋದು, ಇವೆರಡು ಕೆಲಸ ಫೋನಿನ ಸರಳತನಕ್ಕ ಏನೂ ಧಕ್ಕಿ ತರಂಗಿಲ್ಲ. ಬ್ಯಾಂಕಿನ ಮೆಸೇಜ್ ಮತ್ತೊಬ್ಬರ ಕೈಯಾಗ ಕೊಟ್ಟು ಓದಸೋದು ತಪ್ಪತೈತಿ, ಅದು ಸಣ್ಣ ಮಾತಲ್ಲ.

ಪ್ರಶ್ನಾ ಕೇಳಿದ್ರ ಉತ್ತರ ಹೇಳೋ ಬಾಟ್ ಬ್ಯಾರೆ ವಿಷಯ. ಅದು ಬ್ಯಾಡ ಅಂದ್ರ ನಾನೂ ಒಪ್ತೀನಿ.

ಧ್ವನಿ_ಬಳ್ಳಾರಿ

ಕೀಲಿಮಣೆಯವರ ವಾದ ಒಪ್ಪುತ್ತೇನೆ, ಆದರೆ ನಮ್ಮ ಭಾಗದ ಮಾತಿಗೆ ಈ ಡಿಕ್ಟೇಷನ್ (ಮಾತನ್ನು ಬರಹ ಮಾಡುವುದು) ಎಲ್ಲಿ ಮುಗ್ಗರಿಸುತ್ತದೆ ಎಂಬುದನ್ನು ಕೊಳ್ಳುವ ಮುಂಚೆಯೇ ತಿಳಿದಿರಬೇಕು.

ಅಂಕಿ ಮೊದಲನೇ ಗಂಡಾಂತರ. 'ಇಪ್ಪತ್ತೈದು', 'ಎಪ್ಪತ್ತೈದು' ಬಾಯಲ್ಲಿ ಹೇಳಿ ನೋಡಿ. ಬೇರೆಯಾಗಿರುವುದು ಮೊದಲ ಸ್ವರ ಮಾತ್ರ, ಉಳಿದದ್ದೆಲ್ಲ ಒಂದೇ. ಮೈಕು ತೆರೆದುಕೊಳ್ಳಲು ಕಾಲು ಸೆಕೆಂಡ್ ತಡವಾದರೆ ಕತ್ತರಿಸಿ ಹೋಗುವುದು ಅದೇ ಸ್ವರ. ಬಟನ್ ಒತ್ತಿದ ಕೂಡಲೇ ಮಾತಾಡುವುದು ಎಲ್ಲರ ಅಭ್ಯಾಸ, ಆದ್ದರಿಂದ ಬೀಪ್ ಕೇಳಿದ ಮೇಲೆ ಮಾತಾಡಿ ಎಂದು ಸದಸ್ಯರಿಗೆ ಮೊದಲ ದಿನವೇ ಹೇಳಿಕೊಡಬೇಕು. 75 ಕೆಜಿ ಚೀಲದ ಲೆಕ್ಕದಲ್ಲಿ ವ್ಯವಹಾರ ನಡೆಯುವ ಊರಲ್ಲಿ ಇದು ಸಣ್ಣ ತಪ್ಪಲ್ಲ.

ಎರಡನೆಯದು ಬೆರಕೆ ಮಾತು. ಕನ್ನಡದಲ್ಲಿ ಶುರುವಾದ ವಾಕ್ಯ ನಡುವೆ ತೆಲುಗಿಗೆ ಹೊರಳಿ ಉರ್ದು ಪದದಲ್ಲಿ ಮುಗಿಯುವುದು ಬಳ್ಳಾರಿ, ಸಿರುಗುಪ್ಪ, ರಾಯಚೂರಿನಲ್ಲಿ ಸಹಜ. ವಿಸ್ಪರ್ ಥರದ ಮಾಡೆಲ್ 30 ಸೆಕೆಂಡಿನ ತುಂಡಿಗೆ ಒಂದೇ ಭಾಷೆ ಎಂದು ತೀರ್ಮಾನಿಸಿಕೊಂಡು ಮುಂದೆ ಹೋಗುತ್ತದೆ. ಸುಮ್ಮನಿದ್ದ ಹೊತ್ತಿನಲ್ಲಿ ಯಾರೂ ಆಡದ ಮಾತನ್ನು ಬರೆದುಬಿಡುವ ಚಾಳಿಯೂ ಅದಕ್ಕಿದೆ. ಎಐ4ಭಾರತ್, ಭಾಷಿಣಿಯಂಥ ಕಡೆ ಭಾರತೀಯ ಭಾಷೆಗಳಿಗೆಂದೇ ಮಾಡೆಲ್ ಕಟ್ಟುತ್ತಿದ್ದಾರೆ. ಡೀಲರ್ ತೋರಿಸುವ ಫೋನು ಯಾವುದರ ಮೇಲೆ ನಿಂತಿದೆ ಎಂದು ಕೇಳಿ. ಅದಕ್ಕೆ ಉತ್ತರವಿಲ್ಲದಿದ್ದರೆ ಅದೂ ಒಂದು ಉತ್ತರವೇ.

ಪರೀಕ್ಷೆ ಹೀಗೆ ಮಾಡಿ. ಇಪ್ಪತ್ತು ವಾಕ್ಯ ಬರೆದಿಟ್ಟುಕೊಳ್ಳಿ, ಎಲ್ಲವೂ ನಿಮ್ಮೂರ ಮಾತಿನಲ್ಲಿ: 'ನೆಲ್ಲು ನಾಕ್ ಚೀಲ ಕಡಿಮಿ ಬಿದ್ದಾವ', 'ನಾಳೆ ಕಾಲುವಿಗೆ ನೀರು ಬಿಡಂಗಿಲ್ಲಂತ' ಅನ್ನುವಂಥವು. ಗಂಡಸರು, ಹೆಂಗಸರು, ವಯಸ್ಸಾದವರು ಸೇರಿ ನಾಲ್ವರಿಂದ ಹೇಳಿಸಿ. ಒಮ್ಮೆ ಕೋಣೆಯೊಳಗೆ, ಒಮ್ಮೆ ರೈಸ್ ಮಿಲ್ಲಿನ ಬಾಗಿಲಲ್ಲಿ. ಎಷ್ಟು ಪದ ತಪ್ಪಿತು ಎಂದು ಎಣಿಸುವುದಕ್ಕಿಂತ ಮೂರನ್ನೇ ನೋಡಿ: ಅಂಕಿ, ಹೆಸರು, 'ಇಲ್ಲ'. 'ಬಿಡಂಗಿಲ್ಲ' ಹೋಗಿ 'ಬಿಡ್ತಾರೆ' ಎಂದು ಬಂದರೆ ಆ ಮೆಸೇಜ್ ಓದಿದವನು ರಾತ್ರಿಯೆಲ್ಲ ಗದ್ದೆ ಕಾಯುತ್ತಾನೆ. ಕಳಿಸುವ ಮುಂಚೆ ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿ, '1 ಒತ್ತಿದರೆ ಮಾತ್ರ ಕಳಿಸುವೆ' ಅನ್ನುವ ಹಂತ ಫೋನಿನಲ್ಲಿ ಇರಲೇಬೇಕು. ಇಲ್ಲದ ಫೋನು ನನ್ನ ಮಟ್ಟಿಗೆ ಬೇಡ.

ಎಡದಂಡೆ_ಗಂಗಾವತಿ

ತುಂಬಾ ಉಪಯೋಗವಾಯಿತು. ಎರಡು ಉಳಿದವು. ಹಣ ಕಳಿಸುವುದೂ ಮಾತಿನಲ್ಲೇ ಆಗುತ್ತದೆ ಅನ್ನುತ್ತಾನೆ, ಅದು ಸರಿಯೇ? ಮತ್ತೆ ಆ ಧಾರಣೆ ಹೇಳುವುದು?

ಫರ್ಮ್‌ವೇರ್_ರಾಯಚೂರು

ಹಣಕ್ಕೆ ಬಾಯಿ ಬೇಡ, ಕೀಲಿಯೇ ಇರಲಿ. ಇಪ್ಪತ್ತೈದು–ಎಪ್ಪತ್ತೈದರ ಕಥೆ ಮೇಲೇ ಇದೆ. ಕೀಲಿ ಒತ್ತಿದಾಗ ಹೋಗುವ ಡಿಟಿಎಂಎಫ್ ಟೋನಿನಲ್ಲಿ ಪ್ರತಿ ಅಂಕಿಗೂ ಎರಡು ಗೊತ್ತುಪಡಿಸಿದ ಕಂಪನಾಂಕಗಳ ಜೋಡಿ ಇರುತ್ತದೆ, ಊಹೆಗೆ ಜಾಗವೇ ಇಲ್ಲ. ರಿಸರ್ವ್ ಬ್ಯಾಂಕ್ 2022ರ ಮಾರ್ಚ್‌ನಲ್ಲಿ ತಂದ ಯುಪಿಐ 123ಪೇ ಕೀಪ್ಯಾಡ್ ಫೋನಿಗೆಂದೇ ಇರುವುದು. ಐವಿಆರ್‌ಗೆ (ರೆಕಾರ್ಡ್ ಮಾಡಿದ ಧ್ವನಿ ಉತ್ತರಿಸುವ ನಂಬರಿಗೆ) ಕರೆ ಮಾಡಿ, ಭಾಷೆ ಆರಿಸಿ, ನಂಬರು, ಮೊತ್ತ, ಪಿನ್ ಒತ್ತಿದರಾಯಿತು, ಇಂಟರ್‌ನೆಟ್ ಬೇಡ. ಒಂದು ಸಲಕ್ಕೆ 5,000 ಇದ್ದ ಮಿತಿ ಈಗ 10,000 ರೂಪಾಯಿ. ಪಿನ್ನನ್ನು ಬಾಯಲ್ಲಿ ಹೇಳಿ ಅನ್ನುವ ಯಾವ ಸೌಲಭ್ಯವನ್ನೂ ಮುಟ್ಟಬೇಡಿ, ಅಕ್ಕಪಕ್ಕದವರ ಕಿವಿಗೆ ಬೀಳುತ್ತದೆ.

ನಿಜವಾಗಿ ಬೇಕಾದ ಎಐ ಒಂದಿದೆ, ಡೀಲರ್ ಅದರ ಹೆಸರೇ ಎತ್ತಿಲ್ಲ: ಕರೆಯಲ್ಲಿ ಗದ್ದಲ ತೆಗೆಯುವುದು. ಆರ್‌ಎನ್‌ನಾಯ್ಸ್ ಎಂಬ ಮುಕ್ತ ಕೋಡಿನ ನರಜಾಲ ಮೊದಲು ಬಂದಾಗ ಅದರ ತೂಕಾಂಕಗಳು (ಅದು ಕಲಿತ ಸಂಖ್ಯೆಗಳು) ನೂರು ಕೆಬಿಗೂ ಕಡಿಮೆ ಇದ್ದವು. ಒಂದೇ ಮೈಕು ಸಾಕು, ಸರ್ವರ್ ಬೇಡ. ಟ್ರ್ಯಾಕ್ಟರ್ ಪಕ್ಕ ನಿಂತು ಮಾತಾಡುವವನಿಗೆ ಇದಕ್ಕಿಂತ ಬೇರೆ ಏನು ಬೇಕು? ಮೋಸದ ಕರೆ ಗುರುತಿಸುವ ಕೆಲಸವೂ ಫೋನಿನೊಳಗೇ ಆಗಬೇಕೆಂದಿಲ್ಲ. ಏರ್‌ಟೆಲ್ 2024ರ ಸೆಪ್ಟೆಂಬರ್‌ನಲ್ಲಿ ಶುರು ಮಾಡಿದ ಸ್ಪ್ಯಾಮ್ ಪತ್ತೆ ನೆಟ್‌ವರ್ಕಿನಲ್ಲೇ ನಡೆಯುತ್ತದೆ.

ಧಾರಣೆ_ಸಿಂಧನೂರು

ಧಾರಣೆ ವಿಷಯಕ್ಕೆ ನಾನು ಹೇಳುತ್ತೇನೆ. ಬಾಟ್ ಹೇಳಿದ ಧಾರಣೆ ನಂಬಿ ಗಾಡಿ ಹೂಡಬೇಡಿ. ಸಾಮಾನ್ಯ ಭತ್ತದ ಬೆಂಬಲ ಬೆಲೆ 2024–25ಕ್ಕೆ ಕ್ವಿಂಟಲಿಗೆ 2,300 ರೂಪಾಯಿ, 2025–26ಕ್ಕೆ 2,369. ಹಳೆಯ ಮಾಹಿತಿ ಕಲಿತ ಮಾಡೆಲ್ ಹಳೆಯದನ್ನೇ ಅಷ್ಟೇ ಧೈರ್ಯದಿಂದ ಹೇಳುತ್ತದೆ, ಯಾವ ವರ್ಷದ್ದು ಅಂತ ಹೇಳುವುದಿಲ್ಲ. ಅದು ಹೇಳುವುದು ಕ್ವಿಂಟಲ್ ಲೆಕ್ಕ, ನಮ್ಮಲ್ಲಿ ಮಾತು ನಡೆಯುವುದು 75 ಕೆಜಿ ಚೀಲದ ಮೇಲೆ. 2,369 ಅಂದರೆ ಚೀಲಕ್ಕೆ 1,776 ರೂಪಾಯಿ 75 ಪೈಸೆ. ಕೇಳಿದವನು ಚೀಲದ ರೇಟು ಅಂದುಕೊಂಡರೆ ಚೀಲವೊಂದಕ್ಕೆ ಸುಮಾರು 590 ರೂಪಾಯಿ ತಪ್ಪು ಲೆಕ್ಕ. ಸೋನಾ ಮಸೂರಿಯ ಪೇಟೆ ಧಾರಣೆಯಂತೂ ತಳಿ, ತೇವಾಂಶ ನೋಡಿ ದಿನಾ ಬದಲಾಗುತ್ತದೆ, ಅದನ್ನು ಎಪಿಎಂಸಿಯಲ್ಲೋ ಮಿಲ್ಲಿನಲ್ಲೋ ಕೇಳಿಯೇ ತಿಳಿಯಬೇಕು.

ಬೆಳೆ ರೋಗ, ಗೊಬ್ಬರದ ಪ್ರಶ್ನೆಗೆ 1800-180-1551 ಕಿಸಾನ್ ಕಾಲ್ ಸೆಂಟರ್ ಇದೆ. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ, ಕನ್ನಡದಲ್ಲಿ, ಪುಕ್ಕಟೆ, ಯಾವ ಫೋನಿನಿಂದ ಬೇಕಾದರೂ. ಅದನ್ನು 2ನೇ ಕೀಲಿಯ ಸ್ಪೀಡ್ ಡಯಲ್‌ಗೆ, ಹಣದ ಮೋಸ ವರದಿ ಮಾಡುವ 1930ನ್ನು 3ಕ್ಕೆ ಹಾಕಿಯೇ ಫೋನು ಹಂಚಿ.

ಉತ್ತರ ಹೇಳುವ ಬಾಟ್ ಇಂಥ ಫೋನಿಗೆ ಯಾಕೆ ಬೇಡ ಅನ್ನುವುದಕ್ಕೆ ನನ್ನ ಕಾರಣ ಇದು: ಟಾರ್ಚು ಹಚ್ಚುತ್ತೀರಿ, ಆರಿಸುತ್ತೀರಿ, ಕೆಲಸ ಮುಗಿಯಿತು. ಬಾಟ್ ಪ್ರತಿ ಉತ್ತರದ ಕೊನೆಗೂ 'ಇನ್ನೇನು ಬೇಕು' ಅನ್ನುತ್ತದೆ, ಮುಗಿಯುವುದೇ ಇಲ್ಲ. ಹೊತ್ತು ತಿನ್ನೋದು ಬೇಡ ಎಂದು ಸದಸ್ಯರೇ ಹೇಳಿದ್ದಾರಲ್ಲ, ಆ ಮಾತಿಗೆ ಬೆಲೆ ಕೊಡಿ.

ಕೀಲಿಮಣೆ_ಕೊಪ್ಪಳ

ಹಂಗಾದ್ರ ಡೀಲರಿಗೆ ಹಿಂಗ ಕೇಳ್ರಿ: ಆ ಗುಂಡಿಗೆ ಡಿಕ್ಟೇಷನ್ ಮತ್ತ ಮೆಸೇಜ್ ಓದೋದು ಎರಡs ಹಚ್ಚಿ, ಬಾಟ್ ಸೆಟ್ಟಿಂಗಿನ್ಯಾಗ ಮುಚ್ಚಿ ಕೊಡ್ತಿಯೇನು ಅಂತ. ಕೊಡ್ತೀನಿ ಅಂದ್ರ ಡಾಟಾ ಬಂದ್ ಮಾಡಿ ಒಮ್ಮೆ ಕರಿ ಮಾಡಿ ನೋಡ್ರಿ, ಸಿಮ್ ಬದಲಿಸಿ ಮತ್ತೊಮ್ಮೆ ನೋಡ್ರಿ. ಕೆಲ ಫೋನು ಒಂದs ಕಂಪನಿ ಸಿಮ್ಮಿಗೆ ಲಾಕ್ ಆಗಿರ್ತಾವ. ಕೊಡಂಗಿಲ್ಲ ಅಂದ್ರ ಬರೀ ಫೋನs ತಗೋರಿ.