ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್: ಅಂಗಣದ ಪಕ್ಕದ ಆಸನ ಯಾರ ಪಾಲಿಗೆ?

ಪ್ರಶ್ನೆ (ರಾಲಿ ನಿವಾಸಿ):
ಮಗಳು ಚಾಪೆಲ್ ಹಿಲ್‌ನ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯ ಸೇರಿರುವುದರಿಂದ ಅಲ್ಲಿಯ ಬ್ಯಾಸ್ಕೆಟ್‌ಬಾಲ್ ಕ್ರೀಡಾಂಗಣ ಡೀನ್ ಸ್ಮಿತ್ ಸೆಂಟರ್‌ನ ಪಂದ್ಯಗಳಿಗೆ ಸೀಸನ್ ಟಿಕೆಟ್ ಕೊಳ್ಳುವ ಯೋಚನೆಯಲ್ಲಿದ್ದೇವೆ. ಆದರೆ ಅಂಗಣಕ್ಕೆ ಹತ್ತಿರದ ಆಸನ ಬೇಕಿದ್ದರೆ ಮೊದಲು ವಿಶ್ವವಿದ್ಯಾಲಯದ ಕ್ರೀಡೆಗಳಿಗೆ ಹಣ ಕೂಡಿಸುವ ಸಂಸ್ಥೆಯಾದ ರ‍್ಯಾಮ್ಸ್ ಕ್ಲಬ್‌ಗೆ ದೇಣಿಗೆ ಕೊಡಬೇಕು, ಕೊಟ್ಟರೂ ಸರದಿ ಬರುವುದು ಖಚಿತವಲ್ಲ ಎಂದು ಪರಿಚಿತರು ಹೇಳುತ್ತಾರೆ. ಟಿಕೆಟ್ಟಿನ ಪೂರ್ತಿ ಬೆಲೆ ತೆರಲು ಸಿದ್ಧರಿರುವವರಿಗೂ ದೇಣಿಗೆಯ ನಿರ್ಬಂಧ ಏಕೆ? ಅದಕ್ಕೆ ತೆರಿಗೆ ವಿನಾಯಿತಿ ಉಂಟೇ?

ಉತ್ತರ 1 (ಹಳೆಯ ಸೀಸನ್ ಟಿಕೆಟ್‌ದಾರ):
ಇಲ್ಲಿಯ ಬಹುತೇಕ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಟಿಕೆಟ್ಟಿನ ಬೆಲೆ ಬೇರೆ, ಅದನ್ನು ಕೊಳ್ಳುವ ಹಕ್ಕಿನ ಬೆಲೆ ಬೇರೆ. ಈ ವರ್ಷ ಎಷ್ಟು ಕೊಟ್ಟಿರಿ, ಇದುವರೆಗೆ ಒಟ್ಟು ಎಷ್ಟು ಕೊಟ್ಟಿದ್ದೀರಿ, ಎಷ್ಟು ವರ್ಷ ಬಿಡದೆ ಕೊಟ್ಟಿದ್ದೀರಿ ಎಂಬುದನ್ನೆಲ್ಲ ಅಂಕಗಳಿಗೆ ಇಳಿಸಿ, ಅಂಕ ಹೆಚ್ಚಿರುವವರಿಗೆ ಮೊದಲು ಆಸನ ಆರಿಸಿಕೊಳ್ಳಲು ಬಿಡುತ್ತಾರೆ. ಚಾಪೆಲ್ ಹಿಲ್‌ನಲ್ಲಿ ಇನ್ನೊಂದು ತೊಡಕಿದೆ. 1986ರಲ್ಲಿ ತೆರೆದ ಆ ಕ್ರೀಡಾಂಗಣವನ್ನು ಖಾಸಗಿ ದೇಣಿಗೆಯಿಂದ ಕಟ್ಟಿದ್ದರಿಂದ, ಅಂದು ಹಣ ಕೊಟ್ಟವರಿಗೆ ಒಳ್ಳೆಯ ಆಸನಗಳ ಮೇಲೆ ದೀರ್ಘಕಾಲದ ಹಕ್ಕು ದೊರೆಯಿತು. ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಆಸನಗಳಿದ್ದರೂ ಕೆಳಗಿನ ಸಾಲುಗಳು ತೆರವಾಗುವುದೇ ಅಪರೂಪ. ದುಡ್ಡೇ ದೊಡ್ಡಪ್ಪ ಎನ್ನುವುದು ನಿಜವಾದರೂ ಇಲ್ಲಿ ಮೊದಲು ಬಂದ ದುಡ್ಡಿಗೆ ಮಾತ್ರ ಆ ಮರ್ಯಾದೆ. ಇದರ ಫಲವಾಗಿ ಅಂಗಣದ ಸುತ್ತ ಶಾಂತವಾಗಿ ಕುಳಿತು ನೋಡುವವರೇ ತುಂಬಿಕೊಂಡರು. 1991ರಲ್ಲಿ ಇಲ್ಲಿ ಆಡಿ ಗೆದ್ದ ಫ್ಲೋರಿಡಾ ಸ್ಟೇಟ್ ತಂಡದ ಸ್ಯಾಮ್ ಕ್ಯಾಸೆಲ್, ಇದು ವೈನ್ ಮತ್ತು ಚೀಸ್ ಸವಿಯುವವರ ಗುಂಪು ಎಂದು ಅಣಕಿಸಿದ್ದು ಇಂದಿಗೂ ಇಲ್ಲಿಯವರನ್ನು ಚುಚ್ಚುತ್ತದೆ.

ಉತ್ತರ 2 (ಲೆಕ್ಕಪತ್ರದವ):
ತೆರಿಗೆ ವಿನಾಯಿತಿ ಈಗ ಇಲ್ಲ. 1988ರ ಕಾನೂನಿನ ಪ್ರಕಾರ ಆಸನ ಕೊಳ್ಳುವ ಹಕ್ಕಿಗಾಗಿ ಕೊಟ್ಟ ದೇಣಿಗೆಯ ಶೇಕಡಾ 80ರಷ್ಟನ್ನು ಆದಾಯದಿಂದ ಕಳೆಯಬಹುದಿತ್ತು. ಕೊಟ್ಟಿದ್ದಕ್ಕೆ ಪ್ರತಿಫಲ ಪಡೆದ ಮೇಲೂ ಅದನ್ನು ದಾನವೆಂದು ಒಪ್ಪುವ ಈ ವಿಚಿತ್ರ ಅವಕಾಶವನ್ನು 2017ರ ಡಿಸೆಂಬರ್‌ನ ತೆರಿಗೆ ಕಾನೂನು ತೆಗೆದುಹಾಕಿತು. ಆ ವರ್ಷ ಮುಗಿಯುವುದರೊಳಗೆ ಮುಂದಿನ ವರ್ಷಗಳ ದೇಣಿಗೆಯನ್ನೂ ಕಟ್ಟಿಬಿಡಿ ಎಂದು ಹಲವು ಕ್ರೀಡಾ ವಿಭಾಗಗಳು ದಾನಿಗಳಿಗೆ ಬರೆದಿದ್ದವು. 2025ರ ಜುಲೈನಿಂದ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದಾದ್ದರಿಂದ ದೇಣಿಗೆಯ ಈ ಹೊರೆ ಇಳಿಯುವ ಲಕ್ಷಣವಿಲ್ಲ. ಟೆನೆಸ್ಸಿ ವಿಶ್ವವಿದ್ಯಾಲಯವಂತೂ ಅದೇ ಕಾರಣಕ್ಕೆ ಟಿಕೆಟ್ಟಿನ ಮೇಲೆ ಶೇಕಡಾ 10ರ ಶುಲ್ಕವನ್ನೇ ಹೇರಿತು.

ಉತ್ತರ 3 (ಡ್ಯೂಕ್‌ನಲ್ಲಿ ಓದಿದವನು):
ಅಷ್ಟೇನೂ ದೂರವಿಲ್ಲದ ಡರಮ್‌ನಲ್ಲಿ ಲೆಕ್ಕ ತಲೆಕೆಳಗಾಗಿದೆ. ಅಲ್ಲಿಯ ಡ್ಯೂಕ್ ವಿಶ್ವವಿದ್ಯಾಲಯದ ಕ್ಯಾಮರಾನ್ ಒಳಾಂಗಣದಲ್ಲಿ ಇರುವುದೇ 9,314 ಆಸನ. ಆದರೂ ಅಂಗಣಕ್ಕೆ ತಾಗಿದ ಬೆಂಚುಗಳು ವಿದ್ಯಾರ್ಥಿಗಳವು, ದಾನಿಗಳು ಮೇಲಿನ ಕುರ್ಚಿಗಳಲ್ಲಿ ಕೂರುತ್ತಾರೆ. ಪದವಿ ವಿದ್ಯಾರ್ಥಿಗಳು ಬದ್ಧ ಎದುರಾಳಿ ಚಾಪೆಲ್ ಹಿಲ್ ವಿರುದ್ಧದ ಪಂದ್ಯಕ್ಕಾಗಿ ವಾರಗಟ್ಟಲೆ ಡೇರೆಗಳಲ್ಲಿ ಮಲಗುತ್ತಾರೆ. ನನ್ನಂಥ ಸ್ನಾತಕೋತ್ತರದವರು ವಾರಾಂತ್ಯವಿಡೀ ಬಯಲಲ್ಲಿದ್ದು, ಹೊತ್ತಲ್ಲದ ಹೊತ್ತಿನಲ್ಲಿ ಹಾಜರಿ ಹೇಳಿ, ಕೊನೆಗೆ ಲಾಟರಿಯಲ್ಲಿ ಹೆಸರು ಬಂದರೆ ಸೀಸನ್ ಟಿಕೆಟ್ ಕೊಳ್ಳಬಹುದಿತ್ತು. ಇದು ವಿಶ್ವವಿದ್ಯಾಲಯದ ಔದಾರ್ಯವೆಂದು ನಾನು ತಿಳಿದಿಲ್ಲ. ಕೆಳಗಿನ ಗದ್ದಲವೇ ಮೇಲಿನ ಕುರ್ಚಿಗೆ ಬೆಲೆ ತಂದುಕೊಡುತ್ತಿದೆ.

ರಾಲಿ ನಿವಾಸಿ:
ಹಾಗಾದರೆ ದೇಣಿಗೆ ಕೊಡದೆ ಒಂದು ಪಂದ್ಯವನ್ನಾದರೂ ಹತ್ತಿರದಿಂದ ನೋಡುವ ದಾರಿ ಇಲ್ಲವೇ?

ಹಳೆಯ ಸೀಸನ್ ಟಿಕೆಟ್‌ದಾರ:
ಇದೆ. ನವೆಂಬರ್, ಡಿಸೆಂಬರ್‌ಗಳಲ್ಲಿ ಸಣ್ಣ ತಂಡಗಳು ಆಡಲು ಬರುವ ಪಂದ್ಯಗಳಿಗೆ ದಾನಿಗಳೇ ಹೋಗದೆ ತಮ್ಮ ಟಿಕೆಟ್‌ಗಳನ್ನು ಮರುಮಾರಾಟದ ತಾಣಗಳಲ್ಲಿ ಬಿಡುತ್ತಾರೆ. ಪಂದ್ಯದ ದಿನ ಹತ್ತಿರವಾದಂತೆ ಬೆಲೆ ಇಳಿಯುವುದುಂಟು. ಡ್ಯೂಕ್ ವಿರುದ್ಧದ ಪಂದ್ಯಕ್ಕೆ ಮಾತ್ರ ಈ ಉಪಾಯ ನಡೆಯದು.