ಮಗುವಿಗೆ ಕೆಮ್ಮು, ಜ್ವರ: ವಿಡಿಯೋದಲ್ಲಿ ಡಾಕ್ಟರ್‌ಗೆ ತೋರಿಸಿದರೆ ಸಾಕಾ?

ಜೋಯಿಡಾ ಅಪ್ಪ:
ನಮ್ಮೂರು ಜೋಯಿಡಾ ಕಡೆ, ಕಾಡೊಳಗೆ. ಮಗಳಿಗೆ ಒಂದೂವರೆ ವರ್ಷ, ತಿಂಗಳಿಗೊಂದು ಸಲ ಕೆಮ್ಮು, ಜ್ವರ ಇದ್ದದ್ದೇ. ಮಕ್ಕಳ ಡಾಕ್ಟರ್ ಹತ್ತಿರ ಹೋಗಿ ಬರುವಷ್ಟರಲ್ಲಿ ಒಂದು ದಿನದ ಕೂಲಿ ಹೋಯಿತು. ಸಬ್ ಸೆಂಟರ್‌ನಲ್ಲೇ ಇ-ಸಂಜೀವಿನಿಯಲ್ಲಿ, ಅಂದರೆ ಸರ್ಕಾರದ ವಿಡಿಯೋ ಡಾಕ್ಟರ್ ಸೇವೆಯಲ್ಲಿ ತೋರಿಸಬಹುದು, ದುಡ್ಡಿಲ್ಲ ಅಂತ ಆಶಾ ಅಕ್ಕ ಹೇಳುತ್ತಾರೆ. ಮುಟ್ಟಿ ನೋಡದೆ ಡಾಕ್ಟರ್‌ಗೆ ಏನು ಗೊತ್ತಾಗುತ್ತೆ? ತೋರಿಸಿದವರು ಇದ್ದರೆ ಹೇಳಿ.

ಸಬ್ ಸೆಂಟರ್ ಸಿಸ್ಟರ್:
ನಾನು ಬೇರೆ ಜಿಲ್ಲೆಯ ಸಬ್ ಸೆಂಟರ್‌ನಲ್ಲಿ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ). ಮನೆಯಿಂದ ಮೊಬೈಲ್ ಹಿಡಿದು ತೋರಿಸುವುದೇ ಬೇರೆ, ನಮ್ಮ ಹತ್ತಿರ ಬಂದು ತೋರಿಸುವುದೇ ಬೇರೆ ಅಣ್ಣ. ಮುಟ್ಟಿ ನೋಡೋಕೆ ನಾವಿರುತ್ತೇವಲ್ಲ. ತೂಕ, ಜ್ವರ ನೋಡಿ, ಉಸಿರು ಎಣಿಸಿ ಡಾಕ್ಟರ್‌ಗೆ ಹೇಳುತ್ತೇವೆ. ತೂಕ ಗೊತ್ತಿಲ್ಲದೆ ಸಿರಪ್ ಎಷ್ಟು ಎಂಎಲ್ ಕೊಡಬೇಕು ಅಂತ ಹೇಳೋದು ಕಷ್ಟ. ನಿಮ್ಮ ಮಗಳ ವಯಸ್ಸಿಗೆ ನಿಮಿಷಕ್ಕೆ 40 ಅಥವಾ ಜಾಸ್ತಿ ಉಸಿರು ಬಂದರೆ ನ್ಯುಮೋನಿಯಾ ಇರಬಹುದು, ತಡ ಮಾಡಬೇಡಿ. ಉಸಿರೆಳೆದಾಗ ಪಕ್ಕೆ ಒಳಗೆ ಹೋಗುತ್ತಿದ್ದರೆ, ಏನೂ ಕುಡಿಯದಿದ್ದರೆ, ಫಿಟ್ಸ್ ಬಂದರೆ ವಿಡಿಯೋ ಗಿಡಿಯೋ ಬೇಡ, ಸೀದಾ 108.

ಏಳು ತಿಂಗಳ ಕೂಸಿನ ಅಮ್ಮ:
ನನ್ನ ಮಗ 31 ವಾರಕ್ಕೇ ಹುಟ್ಟಿಬಿಟ್ಟ. ನಾವಿದ್ದ ಆಸ್ಪತ್ರೆಗೇ ಕ್ಯಾಮೆರಾ ತಂದು ಅವನ ಕಣ್ಣಿನೊಳಗಿನ ಫೋಟೋ ತೆಗೆದರು, ಬೆಂಗಳೂರಲ್ಲಿ ಕೂತ ಡಾಕ್ಟರ್ ನೋಡಿ ಹೇಳಿದರು. ಕಿಡ್‌ರಾಪ್ ಅಂತ, ನಾರಾಯಣ ನೇತ್ರಾಲಯದವರು 2008ರಲ್ಲಿ ಶುರು ಮಾಡಿದ್ದು. ದಿನ ತುಂಬದೆ ಹುಟ್ಟಿದ ಮಕ್ಕಳಿಗೆ ಕಣ್ಣಿನ ಹಿಂಭಾಗದಲ್ಲಿ ರಕ್ತನಾಳ ಅಡ್ಡಾದಿಡ್ಡಿ ಬೆಳೆಯಬಹುದಂತೆ. ಹೊರಗಿನಿಂದ ಏನೂ ಕಾಣಲ್ಲ, ತಡವಾದರೆ ದೃಷ್ಟಿಯೇ ಹೋಗಬಹುದು, ಅದಕ್ಕೇ 30 ದಿನದೊಳಗೆ ನೋಡಿಸಲೇಬೇಕು. ಹಸಿ ಬಾಣಂತಿ ನಾನು, ಅಂಗೈಯಷ್ಟು ಕೂಸು ಎತ್ತಿಕೊಂಡು ಬೆಂಗಳೂರು ಬಸ್ಸು ಹತ್ತೋಕೆ ಆಗುತ್ತಿತ್ತಾ?

ಟವರ್ ಇಲ್ಲದವ:
ನಮ್ಮಲ್ಲಿ ಮಳೆ ಬಂದರೆ ಮೊದಲು ಕರೆಂಟ್ ಹೋಗುತ್ತೆ, ಹಿಂದೆಯೇ ಟವರ್. ಒಂದು ಸಲ ಮುಕ್ಕಾಲು ಗಂಟೆ ಕಾದು ಕೂತೆವು, ಡಾಕ್ಟರ್ ಬಾಯಿ ಅಲ್ಲಾಡಿದ್ದು ಕಂಡಿತು, ಮಾತು ಕೇಳಲಿಲ್ಲ. ಬೆಳಿಗ್ಗೆಯೇ ಹೋಗಿ, ಮಕ್ಕಳ ಡಾಕ್ಟರೇ ಸಿಗುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ. ಆದರೂ ತಿಂಗಳು ತಿಂಗಳು ಕೆಮ್ಮು ಅಂದರೆ ಒಂದು ಸಲ ಕೂಲಿ ಹೋದರೂ ಪರವಾಗಿಲ್ಲ, ಖುದ್ದಾಗಿ ತೋರಿಸಿಬಿಡಿ.

ಜೋಯಿಡಾ ಅಪ್ಪ:
ಸರಿ, ನಾಳೆ ತಾಯಿ ಕಾರ್ಡ್ ಹಿಡಿದು ಸಬ್ ಸೆಂಟರ್‌ಗೆ ಹೋಗುತ್ತೇನೆ. ಸಿಸ್ಟರ್, ಉಸಿರು ಮನೆಯಲ್ಲೂ ಎಣಿಸಬಹುದಾ?

ಸಬ್ ಸೆಂಟರ್ ಸಿಸ್ಟರ್:
ಎಣಿಸಿ. ಅಳುವಾಗ ಬೇಡ, ಸುಮ್ನೆ ಇರುವಾಗ ಅಂಗಿ ಮೇಲೆತ್ತಿ, ಎದೆ ಹೊಟ್ಟೆ ಏರಿಳಿಯೋದು ನೋಡಿ, ಪೂರ್ತಿ ಒಂದು ನಿಮಿಷ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಡಿ, ಮಕ್ಕಳ ಉಸಿರು ಒಂದೇ ಸಮ ಇರಲ್ಲ.