ತಿರುವಿನಲ್ಲಿರುವ ಪುಟ್ಟ ಸ್ಟೇಷನ್: ಅಮ್ಮನಿಗೆ ಇಳಿಯೋಕೆ ಆಗ್ತಿಲ್ಲ, ಏನು ಕೇಳಬೇಕು?

ಕೊನೆಬೋಗಿ:
ನಾವು ಹತ್ತುವ ಲೋಕಲ್ ರೈಲಿನ ಸ್ಟೇಷನ್ ತುಂಬಾ ಚಿಕ್ಕದು. ಎರಡು ಹಳಿ, ಎರಡು ಪ್ಲಾಟ್‌ಫಾರ್ಮ್, ಮೇಲೊಂದು ಸೇತುವೆ, ಅಷ್ಟೇ. ಒಂದು ಪ್ಲಾಟ್‌ಫಾರ್ಮ್ ತಿರುವಿನಲ್ಲಿದೆ. ಅಲ್ಲಿ ಗಾಡಿಗೂ ಅಂಚಿಗೂ ಸಂದು ಜಾಸ್ತಿ, ಪ್ಲಾಟ್‌ಫಾರ್ಮ್ ತಗ್ಗು ಬೇರೆ. ಅಮ್ಮನಿಗೆ ಮಂಡಿನೋವು. ಇಳಿಯುವಾಗ ಒಳಮುಖವಾಗಿ ತಿರುಗಿ, ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಕಾಲು ಕೆಳಗೆ ಬಿಟ್ಟು ನೆಲ ಹುಡುಕುತ್ತಾರೆ. ಗಾಡಿ ನಿಲ್ಲೋದೇ ಅರ್ಧ ನಿಮಿಷ. ನನಗೆ ಪ್ರತಿ ಸಲ ಎದೆ ಹೊಡ್ಕೊಳ್ಳುತ್ತೆ.

ಇನ್ನೊಂದು ಗಮನಿಸಿದ್ದೀನಿ. ಬೋಗಿಯ ನಡುವಿನ ಬಾಗಿಲಲ್ಲಿ ಸಂದು ಜಾಸ್ತಿ, ತುದಿಯ ಬಾಗಿಲಲ್ಲಿ ಕಡಿಮೆ. ಅದೇ ಗಾಡಿ ಅಲ್ವಾ, ಯಾಕೆ ಹೀಗೆ? ಪ್ಲಾಟ್‌ಫಾರ್ಮ್ ಎತ್ತರಿಸಿ ಅಂತ ಅರ್ಜಿ ಕೊಟ್ಟರೆ "ಪರಿಶೀಲಿಸಲಾಗುವುದು" ಅಂತ ಉತ್ತರ ಬಂತು. ಇನ್ನು ಹೇಗೆ ಕೇಳಬೇಕು?

ಮೇಲ್ಸೇತುವೆ:
ಸದ್ಯಕ್ಕೆ ತುದಿಯ ಬಾಗಿಲಿಗೇ ಹತ್ತಿಸಿ. ಹಿಂದಿನ ಸ್ಟೇಷನ್ ಬಿಟ್ಟ ಕೂಡಲೇ ಅಮ್ಮನನ್ನು ಬಾಗಿಲ ಹತ್ತಿರ ಕರ್ಕೊಂಡು ಬನ್ನಿ. ನೀವು ಮೊದಲು ಇಳಿದು ಕೈ ಕೊಡಿ.

ಜಲ್ಲಿಹಾದಿ:
ಮೇಡಂ, ನಾನು ಹಳಿ ರಿಪೇರಿ ವಿಭಾಗದಲ್ಲಿ ಇದ್ದವನು. ನೀವು ಸರಿಯಾಗಿಯೇ ನೋಡಿದ್ದೀರಿ. ನಡುವಿನ ಬಾಗಿಲಲ್ಲಿ ಸಂದು ಜಾಸ್ತಿ ಅಂದರೆ ನಿಮ್ಮ ಪ್ಲಾಟ್‌ಫಾರ್ಮ್ ತಿರುವಿನ ಹೊರಬದಿಯಲ್ಲಿದೆ. ಹಳಿ ಬಾಗುತ್ತೆ, ಬೋಗಿ ಬಾಗೋದಿಲ್ಲ. ಅದರ ಹೊಟ್ಟೆ ತಿರುವಿನ ಒಳಗೆ ಸರಿಯುತ್ತೆ, ಎರಡು ತುದಿ ಹೊರಗೆ ಚಾಚುತ್ತವೆ. ಆ ತುದಿಗಳು ಉಜ್ಜಬಾರದು ಅಂತ ಪ್ಲಾಟ್‌ಫಾರ್ಮ್ ಅಂಚನ್ನು ಹಿಂದಕ್ಕೆ ಕಟ್ಟಿರುತ್ತಾರೆ. ಒಳಬದಿಯ ಪ್ಲಾಟ್‌ಫಾರ್ಮ್ ಆಗಿದ್ದರೆ ಇದೇ ಉಲ್ಟಾ, ತುದಿಗಳಲ್ಲಿ ಸಂದು ಜಾಸ್ತಿ.

ಎತ್ತರದ ಕಥೆ ಬೇರೆ. ತಿರುವಿನಲ್ಲಿ ಹೊರಗಿನ ಹಳಿಯನ್ನು ಒಳಗಿನದಕ್ಕಿಂತ ಸ್ವಲ್ಪ ಎತ್ತರ ಇಟ್ಟಿರುತ್ತೇವೆ, ಗಾಡಿ ವೇಗದಲ್ಲಿ ಹೋದಾಗ ಹೊರಕ್ಕೆ ಎಳೆಯದಿರಲಿ ಅಂತ. ನಿಂತಾಗ ಬೋಗಿ ಒಳಕ್ಕೆ ವಾಲುತ್ತೆ. ನಿಮ್ಮ ಬದಿಯ ಬಾಗಿಲು ಮೇಲೇಳುತ್ತೆ, ದೂರವೂ ಆಗುತ್ತೆ. ಇದರ ಜೊತೆ ಜಲ್ಲಿ. ಗಾಡಿ ಓಡಾಡಿ ಜಲ್ಲಿ ಕುಸಿಯುತ್ತೆ, ಆಗ ಹಳಿ ಎತ್ತಿ ಅಡಿಗೆ ಜಲ್ಲಿ ತುಂಬಿ ಗಟ್ಟಿ ಮಾಡ್ತೀವಿ. ಪ್ರತಿ ಸಲ ಚೂರು ಚೂರು ಎತ್ತಿ, ವರ್ಷಗಟ್ಟಲೆ ಆದಮೇಲೆ ಹಳಿಯೇ ಮೇಲೆ ಬಂದಿರುತ್ತೆ. ಪ್ಲಾಟ್‌ಫಾರ್ಮ್ ಇದ್ದಲ್ಲೇ ಇರುತ್ತೆ. ಪ್ಲಾಟ್‌ಫಾರ್ಮ್ ಎತ್ತರವನ್ನು ಅಳೆಯೋದು ಹಳಿಯ ತಲೆಯಿಂದ. ಯುರೋಪಿನ ಮಾಮೂಲಿ ಲೆಕ್ಕ 550 ಅಥವಾ 760 ಮಿಲಿಮೀಟರ್, ಬ್ರಿಟನ್ನಿನಲ್ಲಿ 915. ಹಳಿ ಮೇಲೆ ಬಂದಷ್ಟೂ ಈ ಅಳತೆ ಕಮ್ಮಿ ಆಗುತ್ತೆ.

ಇಡೀ ಪ್ಲಾಟ್‌ಫಾರ್ಮ್ ಎತ್ತರಿಸಿ ಅಂತ ಕೇಳಿದರೆ ಅದು ದೊಡ್ಡ ಕಾಮಗಾರಿ. ನೀರು ಹೋಗುವ ದಾರಿ, ಮೆಟ್ಟಿಲು, ಶೆಲ್ಟರ್ ಎಲ್ಲಾ ಮುಟ್ಟಬೇಕು. ಸಣ್ಣ ಸ್ಟೇಷನ್‌ಗೆ ಆ ಸರದಿ ಬರೋದು ತಡ. ಇಂಗ್ಲೆಂಡಿನ ಕಂಬ್ರಿಯಾದಲ್ಲಿ ಹ್ಯಾರಿಂಗ್ಟನ್ ಅಂತ ಒಂದು ಪುಟ್ಟ ಸ್ಟೇಷನ್ ಇದೆ. ಅಲ್ಲೂ ಪ್ಲಾಟ್‌ಫಾರ್ಮ್ ತಗ್ಗು. 2008ರಲ್ಲಿ ಒಂದು ತುಂಡನ್ನು ಮಾತ್ರ ಎತ್ತರಿಸಿ, ಹತ್ತೋಕೆ ಇಳಿಜಾರು ಕೊಟ್ಟರು. ಗಾಡಿಯ ಬಾಗಿಲು ಅಲ್ಲಿಗೇ ಬರುವ ಹಾಗೆ ನಿಲ್ಲಿಸಬೇಕು, ಅಷ್ಟೇ. ಆಮೇಲೆ ಬೇರೆ ಸ್ಟೇಷನ್‌ಗಳಲ್ಲೂ ಅದನ್ನೇ ಮಾಡಿದರು. ಈಗಲೂ ಅದಕ್ಕೆ ಹ್ಯಾರಿಂಗ್ಟನ್ ಹಂಪ್ ಅಂತಲೇ ಹೆಸರು. ನೀವು ಕೇಳಬೇಕಾದ್ದು ಇದನ್ನೇ.

ಕೊನೆಬೋಗಿ:
ಸರ್, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಆದರೆ ಎತ್ತರ ಸರಿಹೋದರೂ ಸಂದು ಹಾಗೇ ಇರುತ್ತಲ್ಲಾ?

ಜಲ್ಲಿಹಾದಿ:
ಹೌದು, ಇರುತ್ತೆ. ಆದ್ದರಿಂದ ಜಾಗ ಮುಖ್ಯ. ತಿರುವು ಒಮ್ಮೆಲೇ ಮುಗಿಯೋದಿಲ್ಲ, ನಿಧಾನವಾಗಿ ನೇರ ಆಗುತ್ತೆ. ಅಲ್ಲಿ ಬೋಗಿಯ ವಾಲಾಟವೂ ಕಮ್ಮಿ. ಪ್ಲಾಟ್‌ಫಾರ್ಮ್‌ನ ಒಂದು ತುದಿಯಲ್ಲಿ ನಿಂತು ಅಂಚಿನುದ್ದಕ್ಕೂ ಕಣ್ಣು ಹಾಯಿಸಿ, ಎಲ್ಲಿ ನೇರ ಅನ್ನಿಸುತ್ತೋ ಆ ಕಡೆ ಕೇಳಿ. ಗಾಡಿ ನಿಲ್ಲಿಸುವ ಬೋರ್ಡನ್ನು ಸರಿಸಿದರೆ ಬಾಗಿಲು ಅಲ್ಲಿಗೆ ಬರುತ್ತಾ ಅಂತಲೂ ಕೇಳಿ. ಉಳಿದ ಸಂದಿಗೆ ರಬ್ಬರ್ ಅಂಚು ಹಾಕ್ತಾರೆ, ಗಾಡಿ ತಾಗಿದರೂ ಮಣಿಯುವಂಥದ್ದು. ಅದೇ ಹಳಿಯಲ್ಲಿ ಅಗಲದ ಗೂಡ್ಸ್ ಗಾಡಿ ಹೋಗುತ್ತಿದ್ದರೆ ಮಾತ್ರ ಒಪ್ಪೋದು ಕಷ್ಟ.

ಅಳೆಯೋಕೆ ಅಂತ ನೀವು ಹಳಿಗೆ ಇಳಿಯಬೇಡಿ, ಅಂಚಿಗೆ ಬಗ್ಗಲೂಬೇಡಿ. ಅಳತೆ ಅವರ ಕೆಲಸ.

ಬಿಳಿಕೋಲು:
ನನಗೆ ಕಣ್ಣು ಬಹಳ ಮಂದ. ಇಂಥ ಉಬ್ಬು ಕಟ್ಟುವಾಗ ದಯವಿಟ್ಟು ನಮ್ಮನ್ನೂ ನೆನಪಿಡಿ. ಅಂಚಿನ ಹಳದಿ ಚುಕ್ಕೆಗಳ ಹಾಸು ಉಬ್ಬಿನ ಮೇಲೂ ಕಡಿಯದೆ ಮುಂದುವರಿಯಬೇಕು. ಜಪಾನಿನ ಸೆಯಿಚಿ ಮಿಯಾಕೆ 1965ರಲ್ಲಿ ಆ ಹಾಸನ್ನು ರೂಪಿಸಿದ್ದು, 1967ರಲ್ಲಿ ಒಕಾಯಾಮಾದ ರಸ್ತೆಯೊಂದರಲ್ಲಿ ಮೊದಲು ಹಾಕಿದರು. ಉಬ್ಬಿದ ಚುಕ್ಕೆ ಅಂದರೆ ಇಲ್ಲೇ ನಿಲ್ಲು, ಉದ್ದ ಗೆರೆ ಅಂದರೆ ಹೀಗೆ ನಡಿ. ಕಾಲಿಗೆ ಚುಕ್ಕೆ ಸಿಗದಿದ್ದರೆ ಇಳಿಜಾರು ಎಲ್ಲಿ, ಅಂಚು ಎಲ್ಲಿ ಅಂತ ನನಗೆ ಗೊತ್ತೇ ಆಗಲ್ಲ. ಇಳಿಜಾರಿನ ಬದಿಗೆ ಎದ್ದು ಕಾಣುವ ಬಣ್ಣವೂ ಇರಲಿ.

ಕೊನೆಬೋಗಿ:
ಖಂಡಿತ ಸೇರಿಸ್ತೀನಿ. ಹೊಸ ಅರ್ಜಿಯಲ್ಲಿ ಹೀಗೆ ಬರೀತಿದ್ದೀನಿ: ಯಾವ ಪ್ಲಾಟ್‌ಫಾರ್ಮ್, ಯಾವ ಕಡೆಯ ತುದಿ, ಒಂದು ಬಾಗಿಲಿನಷ್ಟು ಉಬ್ಬು, ಬೋರ್ಡ್ ಸರಿಸುವುದು, ರಬ್ಬರ್ ಅಂಚು, ಚುಕ್ಕೆ ಹಾಸು. ಸರ್, ಇನ್ನೇನಾದರೂ ಬಿಟ್ಟಿದ್ದೀನಾ?

ಜಲ್ಲಿಹಾದಿ:
ಒಂದು ಸಾಲು ಸೇರಿಸಿ. ಹಳಿ ಕೊನೆಯ ಸಲ ಎತ್ತಿದ ಮೇಲೆ ಪ್ಲಾಟ್‌ಫಾರ್ಮ್ ಎತ್ತರವನ್ನು ಅಳೆದಿದ್ದೀರಾ, ಆ ಅಳತೆ ಎಷ್ಟು, ತಿಳಿಸಿ ಅಂತ. ಅದಕ್ಕೆ "ಪರಿಶೀಲಿಸಲಾಗುವುದು" ಅಂದರೆ ಸಾಲದು, ಅಂಕಿಯನ್ನೇ ಕೊಡಬೇಕಾಗುತ್ತೆ. ಕೆಳಗೆ ದಿನಾ ಇಳಿಯುವ ಬೇರೆ ಹಿರಿಯರ ಸಹಿಯನ್ನೂ ಹಾಕಿಸಿ.